ಬಿಸಿಲು ತಿನ್ನುವ ಪ್ಲಾಸ್ಟಿಕ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಒಂದೇ ದೂರು ಬೇರೆ ಬೇರೆ ವೇಷ ತೊಟ್ಟಿದೆ: ‘ಯುವಿ ಹಾಕಿದ ಮಾಲು ಅಂತ ಕೊಟ್ಟರು, ಆದರೂ ಬಿಸಿಲಿಗೆ ಪುಡಿಯಾಯಿತು.’ ಪಾಲಿಹೌಸ್ ಹಾಳೆ, ತಾಡಪತ್ರಿ, ಕುರ್ಚಿ, ಪೈಪು, ಕೃಷಿ ಹೊಂಡದ ಹೊದಿಕೆ, ಎಲ್ಲದಕ್ಕೂ ಇದೇ ಮಾತು. ಯುವಿ ಎಂದರೆ ಬಿಸಿಲಿನ ನೇರಳಾತೀತ ಕಿರಣ; ಅದರಿಂದ ಪ್ಲಾಸ್ಟಿಕ್ಕನ್ನು ಕಾಯಲು ಬೆರೆಸುವ ರಾಸಾಯನಿಕಕ್ಕೂ ಅಂಗಡಿಯಲ್ಲಿ ಇದೇ ಹೆಸರು. ಅಂಗಡಿಯವರು ‘ಯುವಿ’ ಅಂದರೆ ಒಂದೇ ಔಷಧಿ ಎಂಬಂತೆ ಹೇಳುತ್ತಾರೆ. ಯಾವ ಯುವಿ, ಎಷ್ಟು, ಎಷ್ಟು ದಪ್ಪದ ಮಾಲಿಗೆ, ಜೊತೆಗೆ ಇನ್ನೇನು ಬೆರೆತಿದೆ ಎಂದು ಕೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಪ್ಲಾಸ್ಟಿಕ್ಕಿಗೆ ಬೆರೆಸುವ ರಾಸಾಯನಿಕಗಳನ್ನು ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ಪ್ರಶ್ನೆ: ನಮ್ಮದು ಅರ್ಧ ಎಕರೆ ಪಾಲಿಹೌಸ್, 200 ಮೈಕ್ರಾನ್ ಹಾಳೆ. ಮೂರು ವರ್ಷದ ಖಾತರಿ ಎಂದಿದ್ದರು. ಎರಡನೇ ಬೇಸಿಗೆ ಮುಗಿಯುವಷ್ಟರಲ್ಲಿ ಪೈಪಿನ ಮೇಲೆ ಕೂತ ಜಾಗದಲ್ಲೇ ಉದ್ದಕ್ಕೆ ಸೀಳಿದೆ. ಪೈಪುಗಳ ನಡುವಿನ ಹಾಳೆ ಇನ್ನೂ ಗಟ್ಟಿಯಾಗಿದೆ. ಸೌತೆಗೆ ಬೂದಿ ರೋಗ ಬಂದಾಗ ಗಂಧಕ ಹೊಡೆಯುತ್ತೇವೆ. ಹಾಳೆ ಕೊಟ್ಟವರು ಗಂಧಕದ ಮೇಲೆ ತಪ್ಪು ಹಾಕುತ್ತಿದ್ದಾರೆ. ನಿಜವೇ?
— ಬೆಳೆಗಾರರು, ಕುಷ್ಟಗಿ

ಉತ್ತರ: ಅರ್ಧ ನಿಜ. ಗಂಧಕವೊಂದೇ ಕಾರಣವಾಗಿದ್ದರೆ ಹಾಳೆ ಎಲ್ಲ ಕಡೆಯೂ ಬಲ ಕಳೆದುಕೊಳ್ಳಬೇಕಿತ್ತು. ಪೈಪಿನ ಗೆರೆಯಲ್ಲೇ ಸೀಳಿದೆ ಎಂದರೆ ಅಲ್ಲಿ ಕಾವು ಕೆಲಸ ಮಾಡಿದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಮಧ್ಯಾಹ್ನ ಕಬ್ಬಿಣದ ಪೈಪು ಕೈ ಇಡಲಾಗದಷ್ಟು ಕಾಯುತ್ತದೆ. ಕಾವು 10 ಡಿಗ್ರಿ ಏರಿದರೆ ಹಾಳೆ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬ ಒರಟು ಲೆಕ್ಕವನ್ನು ಇಲ್ಲಿ ಇಟ್ಟುಕೊಳ್ಳಬಹುದು. ಸಾಲದ್ದಕ್ಕೆ ಗಾಳಿಗೆ ಹಾಳೆ ಅದೇ ಗೆರೆಯಲ್ಲಿ ಉಜ್ಜುತ್ತದೆ.

ಗಂಧಕದ ಪಾತ್ರ ಹೀಗೆ. ಪಾಲಿಹೌಸ್ ಹಾಳೆಯನ್ನು ಕಾಯುವ ಮುಖ್ಯ ರಾಸಾಯನಿಕ ಹಿಂಡರ್ಡ್ ಅಮೀನ್ ಎಂಬ ಗುಂಪಿನದು. ಕಾರ್ಖಾನೆಯವರು ಅದನ್ನು ‘ಹ್ಯಾಲ್ಸ್’ ಎನ್ನುತ್ತಾರೆ. ಅಮೀನ್ ಕ್ಷಾರ ಗುಣದ್ದು. ಗಂಧಕ ಹಾಳೆಗೆ ಅಂಟಿ, ಬಿಸಿಲು ಮತ್ತು ತೇವದಲ್ಲಿ ಆಮ್ಲವಾಗುತ್ತದೆ. ಆಮ್ಲ ಸಿಕ್ಕ ಅಮೀನ್ ಲವಣವಾಗಿ ಸುಮ್ಮನೆ ಕೂರುತ್ತದೆ, ಕಾವಲು ಬಿಟ್ಟುಬಿಡುತ್ತದೆ. ಕ್ಲೋರಿನ್ ಇರುವ ಕೀಟನಾಶಕ, ರೋಗನಾಶಕಗಳೂ ಇದನ್ನೇ ಮಾಡುತ್ತವೆ. ಗಂಧಕವನ್ನು ಕಾಯಿಸಿ ಹೊಗೆಯಾಡಿಸುವ ಪದ್ಧತಿಯಂತೂ ಹಾಳೆಗೆ ಎಲ್ಲಕ್ಕಿಂತ ಕೆಟ್ಟದ್ದು.

ಮೂರನೆಯ ಕಾರಣವೊಂದಿದೆ, ಅದನ್ನು ಮಾರುವವರು ಎತ್ತುವುದಿಲ್ಲ. ‘ಮೂರು ವರ್ಷ’ ಎಂದರೆ ಎಲ್ಲಿಯ ಬಿಸಿಲಿನಲ್ಲಿ? ಹಾಳೆಯ ಆಯಸ್ಸನ್ನು ಅದರ ಮೇಲೆ ಬಿದ್ದ ಒಟ್ಟು ಸೌರಶಕ್ತಿಯಲ್ಲಿ ಅಳೆಯಬೇಕು. ಅದರ ಮಾನ ಕಿಲೋಲ್ಯಾಂಗ್ಲಿ, ಚದರ ಮೀಟರಿಗೆ 41.84 ಮೆಗಾಜೂಲ್. ನಮ್ಮ ಮೂರು ಜಿಲ್ಲೆಗಳಲ್ಲಿ ಚದರ ಮೀಟರಿಗೆ ದಿನಕ್ಕೆ ಸರಾಸರಿ ಐದೂವರೆ ಯೂನಿಟ್‌ನಷ್ಟು (ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್) ಸೌರಶಕ್ತಿ ಬೀಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 2000 ಯೂನಿಟ್, ಅಂದರೆ ಸುಮಾರು 172 ಕಿಲೋಲ್ಯಾಂಗ್ಲಿ. ಮಧ್ಯ ಯುರೋಪಿನಲ್ಲಿ ಇದು 100ರ ಆಸುಪಾಸು. ಅಲ್ಲಿನ ಮೂರು ವರ್ಷಕ್ಕೆಂದು, ಅಂದರೆ 300 ಕಿಲೋಲ್ಯಾಂಗ್ಲಿಗೆಂದು ಮಾಡಿದ ಹಾಳೆ ಕುಷ್ಟಗಿಯಲ್ಲಿ 21 ತಿಂಗಳಿಗೇ ತನ್ನ ಪಾಲಿನ ಬಿಸಿಲು ಉಂಡು ಮುಗಿಸುತ್ತದೆ. ನಿಮ್ಮ ಎರಡನೇ ಬೇಸಿಗೆಗೆ ಈ ಲೆಕ್ಕ ಸರಿಯಾಗಿ ಕೂಡುತ್ತದೆ. ಖಾತರಿ ಪತ್ರದಲ್ಲಿ ವರ್ಷದ ಜೊತೆ ಕಿಲೋಲ್ಯಾಂಗ್ಲಿ ಬರೆದುಕೊಡಿ ಎಂದು ಕೇಳಿ. ಗಂಧಕ, ಕ್ಲೋರಿನ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಮೀರಿದರೆ ಖಾತರಿ ರದ್ದು ಎಂಬ ಸಾಲು ಸಾಮಾನ್ಯವಾಗಿ ಅದೇ ಪತ್ರದ ಸಣ್ಣ ಅಕ್ಷರಗಳಲ್ಲಿರುತ್ತದೆ. ಅದನ್ನೂ ಓದಿ.

ಮುಂದಿನ ಹಾಳೆಗೆ ಏನು ಮಾಡಬೇಕು? ಗಂಧಕ ಬಿಡಲಾಗದು ಎಂದಾದರೆ ‘ನಾರ್ ಹ್ಯಾಲ್ಸ್’ ಹಾಕಿದ ಹಾಳೆ ಕೇಳಿ. ಅದು ಕ್ಷಾರ ಗುಣ ಕಡಿಮೆ ಇರುವ ಬಗೆ, ಆಮ್ಲಕ್ಕೆ ಅಷ್ಟು ಬೇಗ ಸೋಲುವುದಿಲ್ಲ, ಬೆಲೆ ಹೆಚ್ಚು. ಹಾಳೆ ಎಳೆದು ಕಟ್ಟಿದ ಮೇಲೆ, ಪೈಪು ಬರುವ ಗೆರೆಗಳ ಮೇಲೆ ಹೊರಗಡೆಯಿಂದ ನೀರಿನಲ್ಲಿ ಕಲಸುವ ಬಿಳಿ ಅಕ್ರಿಲಿಕ್ ಬಣ್ಣವನ್ನು ನಾಲ್ಕು ಬೆರಳು ಅಗಲಕ್ಕೆ ಬಳಿಯಿರಿ. ಬಿಸಿಲು ಅಲ್ಲಿಗೆ ಮುಟ್ಟದಿದ್ದರೆ ಪೈಪೂ ಅಷ್ಟು ಕಾಯುವುದಿಲ್ಲ. ಎಣ್ಣೆ ಬಣ್ಣ ಬೇಡ, ಅದರ ದ್ರಾವಕ ಹಾಳೆಯೊಳಗೆ ಇಳಿಯುತ್ತದೆ. ಪೈಪಿಗೆ ಹಳೆಯ ಪಿವಿಸಿ ಪೈಪು ಸೀಳಿ ತೊಡಿಸುವುದನ್ನು ಕೆಲವು ಕಡೆ ಮಾಡುತ್ತಾರೆ, ಅದೂ ಬೇಡ. ಕಾದ ಪಿವಿಸಿ ಬಿಡುವ ಹೈಡ್ರೋಕ್ಲೋರಿಕ್ ಆಮ್ಲ ಹ್ಯಾಲ್ಸನ್ನು ಕೊಲ್ಲುತ್ತದೆ. ಔಷಧಿ ಹೊಡೆಯುವಾಗ ನಾಜಲ್ ಗಿಡದ ಕಡೆಗಿರಲಿ, ಚಾವಣಿಗೆ ಎರಚದಿರಲಿ. ಆಮೇಲೆ ಪಕ್ಕದ ಪರದೆ ಎತ್ತಿ ಗಾಳಿಯಾಡಿಸಿ. ತಿಂಗಳಿಗೊಮ್ಮೆ ಒಳಮೈಯನ್ನು ಬರೀ ನೀರಿನಲ್ಲಿ ತೊಳೆಯಿರಿ.

ಹಾಳೆ ಹೊದಿಸುವ ದಿನವೇ ಒಂದಡಿ ಉದ್ದದ ತುಂಡು ಕತ್ತರಿಸಿ, ರೋಲ್ ನಂಬರ್ ಮತ್ತು ತಾರೀಖು ಬರೆದು ಕಪಾಟಿನ ಕತ್ತಲೆಯಲ್ಲಿಡಿ. ಖಾತರಿಯ ಜಗಳ ಬಂದಾಗ ಹರಿದ ತುಂಡಿನ ಗಂಧಕ, ಕ್ಲೋರಿನ್ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆಸಬಹುದು. ಹೊಸ ತುಂಡು ಎದುರಿಗಿಲ್ಲದಿದ್ದರೆ ಆ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು?

ಪ್ರಶ್ನೆ: ಯುವಿ ಸ್ಟೆಬಿಲೈಸರ್ ಎಂದರೆ ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನ್ ಇದ್ದ ಹಾಗೆಯೇ?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಒಂದು ಗುಂಪಿನ ಮಟ್ಟಿಗೆ ಹೌದು. ಎಷ್ಟರಮಟ್ಟಿಗೆ ಎಂದರೆ ಆಕ್ಸಿಬೆಂಜೋನ್ ಎಂಬ ಬೆಂಜೋಫಿನೋನ್ ಸನ್‌ಸ್ಕ್ರೀನಿನಲ್ಲೂ ಇದೆ, ಪ್ಲಾಸ್ಟಿಕ್ಕಿನಲ್ಲೂ ಇದೆ.

ನೆಲಕ್ಕೆ ತಲುಪುವ ನೇರಳಾತೀತ ಕಿರಣಗಳ ತರಂಗಾಂತರ ಸುಮಾರು 290ರಿಂದ 400 ನ್ಯಾನೋಮೀಟರ್. 300 ನ್ಯಾನೋಮೀಟರಿನ ಕಿರಣದ ಶಕ್ತಿ ಮೋಲಿಗೆ 400 ಕಿಲೋಜೂಲ್ ಹತ್ತಿರ. ಇಂಗಾಲ-ಇಂಗಾಲ ಬಂಧ ಮುರಿಯಲು 350ರಷ್ಟು ಸಾಕು. ಶುದ್ಧ ಪಾಲಿಥೀನ್ ಈ ಕಿರಣಗಳನ್ನು ಹೀರಬಾರದು, ಆದರೆ ಶುದ್ಧವಾದದ್ದು ಎಲ್ಲಿದೆ? ಕರಗಿಸಿ ಅಚ್ಚು ಹಾಕುವಾಗ ಹುಟ್ಟಿದ ಕಾರ್ಬೊನಿಲ್, ಹೈಡ್ರೋಪೆರಾಕ್ಸೈಡ್‌ಗಳು, ಕ್ಯಾಟಲಿಸ್ಟಿನ ಚೂರುಗಳು ಹೀರಿಕೊಳ್ಳುತ್ತವೆ. ಅಲ್ಲಿ ಒಂದು ಮುಕ್ತ ರ್ಯಾಡಿಕಲ್, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ಚೂರು, ಹುಟ್ಟುತ್ತದೆ, ಅದು ಗಾಳಿಯ ಆಮ್ಲಜನಕ ಹಿಡಿದು ಪೆರಾಕ್ಸಿ ಆಗುತ್ತದೆ, ಪಕ್ಕದ ಸರಪಳಿಯಿಂದ (ಪ್ಲಾಸ್ಟಿಕ್ಕಿನ ಉದ್ದನೆಯ ಅಣುವೇ ಸರಪಳಿ) ಹೈಡ್ರೋಜನ್ ಕಿತ್ತು ಹೈಡ್ರೋಪೆರಾಕ್ಸೈಡ್ ಆಗುತ್ತದೆ. ಬಿಸಿಲಿಗೆ ಅದು ಒಡೆದರೆ ಎರಡು ರ್ಯಾಡಿಕಲ್. ಬಡ್ಡಿಗೆ ಬಡ್ಡಿ ಬೆಳೆಯುವ ಸಾಲದ ಹಾಗೆ. ಸರಪಳಿಗಳು ತುಂಡಾದಷ್ಟೂ ಪ್ಲಾಸ್ಟಿಕ್ ಬಾಗುವ ಬದಲು ಮುರಿಯುತ್ತದೆ. ಪಾಲಿಪ್ರೊಪಿಲೀನಿನಲ್ಲಿ ಸುಲಭವಾಗಿ ಕೀಳಬಹುದಾದ ಹೈಡ್ರೋಜನ್ ಪ್ರತಿ ಘಟಕದಲ್ಲೂ ಒಂದಿದೆ. ಅದಕ್ಕೇ ಅದು ಪಾಲಿಥೀನಿಗಿಂತ ಬೇಗ ಕೆಡುತ್ತದೆ.

ಇದನ್ನು ತಡೆಯುವ ದಾರಿ ಎರಡು. ಬೆಂಜೋಫಿನೋನ್, ಬೆಂಜೋಟ್ರಯಜೋಲ್, ಟ್ರಯಜಿನ್‌ಗಳು ಕಿರಣವನ್ನೇ ಹೀರಿ ಕಾವಾಗಿ ಬಿಟ್ಟುಕೊಡುತ್ತವೆ. ಇವುಗಳ ಅಣುವಿನೊಳಗೆ ಒಂದು ಹೈಡ್ರೋಜನ್ ಆ ಕಡೆ ಜಿಗಿದು ಮತ್ತೆ ಈ ಕಡೆ ಮರಳುತ್ತದೆ, ಅಷ್ಟೇ, ಅಣು ಮುರಿಯುವುದಿಲ್ಲ. ಆದರೆ ಹೀರುವ ಕೆಲಸಕ್ಕೆ ದಪ್ಪ ಬೇಕು. 200 ಮೈಕ್ರಾನ್ ಹಾಳೆಯಲ್ಲಿ ಶೇ 90ರಷ್ಟು ಕಿರಣ ಹೀರುವ ಪ್ರಮಾಣವನ್ನೇ 50 ಮೈಕ್ರಾನ್ ಹಾಳೆಗೆ ಹಾಕಿದರೆ ಅದು ಹೀರುವುದು ಶೇ 44 ಮಾತ್ರ, 25 ಮೈಕ್ರಾನಿನಲ್ಲಿ ಶೇ 25. ಎಷ್ಟೇ ದಪ್ಪವಿದ್ದರೂ ಮೇಲ್ಮೈಗೆ ರಕ್ಷಣೆ ಇಲ್ಲ, ಏಕೆಂದರೆ ಅದರ ಮುಂದೆ ಹೀರುವವರು ಯಾರೂ ಇಲ್ಲ.

ಹ್ಯಾಲ್ಸ್ ಸನ್‌ಸ್ಕ್ರೀನ್ ಅಲ್ಲವೇ ಅಲ್ಲ. ಅದು ಬೆಳಕು ಹೀರುವುದಿಲ್ಲ. ಮೊದಲು ತಾನು ನೈಟ್ರಾಕ್ಸಿಲ್ ರ್ಯಾಡಿಕಲ್ ಆಗಿ, ಪಾಲಿಮರಿನ ರ್ಯಾಡಿಕಲ್ಲನ್ನು ಹಿಡಿಯುತ್ತದೆ, ಮುಂದೆ ಒಂದು ಪೆರಾಕ್ಸಿಯನ್ನು ನಿಷ್ಕ್ರಿಯ ಮಾಡುವಾಗ ಮತ್ತೆ ನೈಟ್ರಾಕ್ಸಿಲ್ ಆಗಿ ಹೊರಬರುತ್ತದೆ. ಒಂದೇ ಅಣು ಹಲವು ಸಲ ದುಡಿಯುವುದರಿಂದ ಪ್ರಮಾಣ ಕಡಿಮೆ ಸಾಕು, ತೆಳು ಮಾಲಿನಲ್ಲೂ ಮೇಲ್ಮೈಯಲ್ಲೂ ನಡೆಯುತ್ತದೆ.

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದು ಸಣ್ಣ ಮೌಲ್ಡಿಂಗ್ ಘಟಕ. ಪಾಲಿಪ್ರೊಪಿಲೀನ್ ಕುರ್ಚಿ ಮಾಡುತ್ತೇವೆ. 100 ಕೆಜಿಗೆ 1 ಕೆಜಿ ಯುವಿ ಮಾಸ್ಟರ್‌ಬ್ಯಾಚ್ ಹಾಕುತ್ತೇವೆ. ಖರ್ಚು ತಗ್ಗಿಸಲು ಶೇ 25 ಸುಣ್ಣದ ಫಿಲ್ಲರ್, ಸ್ವಲ್ಪ ಮರುಬಳಕೆಯ ದಾನಾ (ಪ್ಲಾಸ್ಟಿಕ್ ಕಾಳು). ಹೋಟೆಲಿನ ಹೊರಗಿಟ್ಟ ಕುರ್ಚಿಗಳು ಒಂದೂವರೆ ವರ್ಷಕ್ಕೆ ಹಿಂಗಾಲು ಮುರಿಯುತ್ತಿವೆ. ಯುವಿ ಎಷ್ಟಕ್ಕೆ ಏರಿಸಬೇಕು?

ಉತ್ತರ: ಏರಿಸುವ ಮೊದಲು ಈಗ ಎಷ್ಟು ಹಾಕುತ್ತಿದ್ದೀರಿ ಎಂದು ತಿಳಿಯಬೇಕು. ಮಾಸ್ಟರ್‌ಬ್ಯಾಚ್ ಎಂದರೆ ರಾಸಾಯನಿಕ ಬೆರೆಸಿದ ದಾನಾ, ಪೂರಾ ಯುವಿ ಅಲ್ಲ, ಅದರಲ್ಲಿ ಹೆಚ್ಚಿನ ಪಾಲು ಬರೀ ಪ್ಲಾಸ್ಟಿಕ್. ಮಾರುಕಟ್ಟೆಯಲ್ಲಿ ಶೇ 10ರದೂ ಸಿಗುತ್ತದೆ, ಶೇ 20ರದೂ ಸಿಗುತ್ತದೆ. ಚೀಲದ ಮೇಲೆ ಹಾಗೆ ಬರೆದಿರದಿದ್ದರೆ ಮಾಹಿತಿ ಪತ್ರ ತರಿಸಿ. ನಿಮ್ಮದು ಶೇ 10ರದಾಗಿದ್ದರೆ 100 ಕೆಜಿ ಮಾಲಿಗೆ ಹೋಗುತ್ತಿರುವ ಅಸಲು ರಾಸಾಯನಿಕ 100 ಗ್ರಾಂ, ಅಂದರೆ ಶೇ 0.1. ಬಯಲಿನಲ್ಲಿಡುವ ಕುರ್ಚಿಗೆ ಹ್ಯಾಲ್ಸ್ ಶೇ 0.3ರ ಹತ್ತಿರ ಇರಬೇಕು, ಜೊತೆಗೆ ಬೆಂಜೋಟ್ರಯಜೋಲಿನಂಥ ಹೀರುಕ ಶೇ 0.1ರಿಂದ 0.2. ಹ್ಯಾಲ್ಸ್ ಮೇಲ್ಮೈ ಕಾಯುತ್ತದೆ, ಹೀರುಕ ಒಳಭಾಗವನ್ನೂ ಬಣ್ಣವನ್ನೂ ಕಾಯುತ್ತದೆ. ಶೇ 20ರ ಹ್ಯಾಲ್ಸ್ ಮಾಸ್ಟರ್‌ಬ್ಯಾಚ್ ಆದರೆ 100 ಕೆಜಿಗೆ 1.5 ಕೆಜಿ, 25 ಕೆಜಿ ಚೀಲ ಒಂದಕ್ಕೆ 375 ಗ್ರಾಂ. ಎರಡು ಕೆಜಿ ತೂಗುವ ಕುರ್ಚಿಗೆ ಕೊನೆಗೆ ಬರುವುದು 6 ಗ್ರಾಂ ಹ್ಯಾಲ್ಸ್. ಇಷ್ಟು ಸಣ್ಣ ಅಂಕಿಯನ್ನು ಕೈಯಂದಾಜಿನಲ್ಲಿ ಹಾಕಿದರೆ ಒಂದು ಕುರ್ಚಿಗೆ ಹತ್ತು, ಇನ್ನೊಂದಕ್ಕೆ ಎರಡು ಬೀಳುತ್ತದೆ. ತೂಗಿ ಹಾಕಿ. ಹಾಪರಿಗೆ ನೇರ ಸುರಿಯದೆ ಮಿಕ್ಸರಿನಲ್ಲಿ 10–15 ನಿಮಿಷ ತಿರುಗಿಸಿ.

ಆದರೂ ನಮ್ಮ ಅನುಮಾನ ಮೊದಲು ಹೋಗುವುದು ಫಿಲ್ಲರ್ ಮೇಲೆ. ಸುಣ್ಣದ ಪುಡಿಯ (ಕ್ಯಾಲ್ಸಿಯಂ ಕಾರ್ಬೊನೇಟ್) ಕಣಗಳು ಹ್ಯಾಲ್ಸನ್ನು ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಅಂಟಿದ್ದು ಮೇಲ್ಮೈಗೆ ಸರಿದು ಬರಲಾರದು. ಟಾಲ್ಕ್ ಆದರೆ ಇನ್ನೂ ಕಷ್ಟ. ಸ್ಟೀರಿಕ್ ಆಮ್ಲ ಲೇಪಿಸಿದ ಪುಡಿ ಇರುವ ಫಿಲ್ಲರ್ ಕೇಳಿ. ಹೊರಗಿಡುವ ಕುರ್ಚಿಗೆ ಫಿಲ್ಲರನ್ನು ಶೇ 10ರೊಳಗೆ ಇಳಿಸಿ. ಹಿಂಗಾಲೇ ಮುರಿಯುವುದಕ್ಕೂ ಇದರ ನಂಟಿದೆ: ಒರಗಿದಾಗ ಭಾರವೆಲ್ಲ ಅಲ್ಲಿಗೆ ಬೀಳುತ್ತದೆ, ಬಿಸಿಲಿಗೆ ಬಿರುಕುಬಿಟ್ಟ ಮೇಲ್ಮೈ ಅಲ್ಲಿಂದ ಸೀಳು ಶುರುಮಾಡುತ್ತದೆ. ಕಾಲಿನ ಮೂಲೆಗೆ ಚೂಪು ಬಿಡದೆ ಅಚ್ಚಿನಲ್ಲೇ ದುಂಡು ಕೊಡಿಸಿದರೆ ಅರ್ಧ ದೂರು ನಿಲ್ಲುತ್ತದೆ. ಅದಕ್ಕೆ ಯಾವ ರಾಸಾಯನಿಕವೂ ಬೇಡ.

ಮರುಬಳಕೆಯ ದಾನಾದಲ್ಲಿ ಹಳೆಯ ರಕ್ಷಕಗಳು ತೀರಿರುತ್ತವೆ, ಹೈಡ್ರೋಪೆರಾಕ್ಸೈಡ್ ಮೊದಲೇ ಕೂತಿರುತ್ತದೆ. ಅಂಥ ಮಾಲಿಗೆ ಹ್ಯಾಲ್ಸ್ ಮಾತ್ರ ಸಾಲದು. ಫಿನಾಲ್ ಮತ್ತು ಫಾಸ್ಫೈಟ್ ಕೂಡಿದ ಆ್ಯಂಟಿಆಕ್ಸಿಡೆಂಟ್ ಶೇ 0.1ರಿಂದ 0.2 ಸೇರಿಸಿ.

ಬಿಳಿ ಕುರ್ಚಿಯಾದರೆ ಬಿಳಿ ಬಣ್ಣ ಕೊಡುವ ಪುಡಿ ಟೈಟಾನಿಯಂ ಡೈಆಕ್ಸೈಡ್ ರೂಟೈಲ್ ಬಗೆಯದೇ ಎಂದು ಕೇಳಿ ತನ್ನಿ. ಅನಟೇಸ್ ಬಗೆಯದು ಅಗ್ಗ, ಆದರೆ ಬಿಸಿಲಿನಲ್ಲಿ ತಾನೇ ರ್ಯಾಡಿಕಲ್ ಹುಟ್ಟಿಸಿ ಕುರ್ಚಿಯನ್ನು ಸುಣ್ಣದ ಪುಡಿ ಬಳಿದಂತೆ ಮಾಡುತ್ತದೆ.

ಹ್ಯಾಲ್ಸಿನಲ್ಲೂ ಸಣ್ಣ ಅಣುವಿನದು, ದೊಡ್ಡ ಅಣುವಿನದು ಎಂದು ಎರಡಿವೆ. 770 ಎಂಬ ಸಂಖ್ಯೆಯದು ಸಣ್ಣದು, ಅಣುತೂಕ 481. ಅದು ಒಳಗಿನಿಂದ ಮೇಲ್ಮೈಗೆ ಸರಿಯುತ್ತ ಇರುತ್ತದೆ, ದಪ್ಪ ಮಾಲಿಗೆ ಒಳ್ಳೆಯದು. 944, 622 ಎಂಬವು ಎರಡು ಸಾವಿರಕ್ಕೂ ಹೆಚ್ಚು ಅಣುತೂಕದವು. ಇದ್ದಲ್ಲೇ ಇರುತ್ತವೆ, ತೆಳು ಹಾಳೆ ಮತ್ತು ನಾರಿಗೆ ಒಳ್ಳೆಯದು. ಕುರ್ಚಿಗೆ ಎರಡನ್ನೂ ಸಮಪಾಲು ಬೆರೆಸಿದ ಮಾಸ್ಟರ್‌ಬ್ಯಾಚ್ ನಮ್ಮ ಆಯ್ಕೆ. ಹೆಚ್ಚಿದ್ದರೆ ಒಳ್ಳೆಯದೇ ಎಂದು ಸಣ್ಣ ಅಣುವಿನದನ್ನು ಸುರಿದರೆ ಕುರ್ಚಿಯ ಮೇಲೆ ಬಿಳಿ ಹಿಟ್ಟು ಉಕ್ಕಿ ಅಂಟಂಟಾಗುತ್ತದೆ.

ಪರೀಕ್ಷೆಗೆ ದುಬಾರಿ ಯಂತ್ರ ಇಲ್ಲದಿದ್ದರೆ ತಾರಸಿ ಇದೆ. ಯುವಿ ಇಲ್ಲದ್ದು, ಈಗಿನದು, ಹೊಸ ಮಿಶ್ರಣ ಎಂದು ಮೂರು ಬಗೆಯ ಪಟ್ಟಿಗಳನ್ನು ಒಂದೇ ಅಚ್ಚಿನಲ್ಲಿ ತೆಗೆದು, ದಕ್ಷಿಣಕ್ಕೆ ಮುಖಮಾಡಿ 15–16 ಡಿಗ್ರಿ ಓರೆಯಾಗಿ ಕಟ್ಟಿ. ನಮ್ಮ ಜಿಲ್ಲೆಗಳ ಅಕ್ಷಾಂಶ ಅಷ್ಟೇ. ತಿಂಗಳಿಗೊಂದು ಪಟ್ಟಿ ಬಿಚ್ಚಿ, ಬಿಸಿಲು ಕಂಡ ಮೈ ಹೊರಗೆ ಬರುವಂತೆ ಬಾಗಿಸಿ. ಯುವಿ ಇಲ್ಲದ್ದು ಕೆಲವೇ ತಿಂಗಳಲ್ಲಿ ಚಟ್ಟೆನ್ನುತ್ತದೆ. ಉಳಿದೆರಡರ ನಡುವಿನ ಅಂತರವೇ ನಿಮಗೆ ಬೇಕಾದ ಉತ್ತರ. ರಾಯಚೂರಿನಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗೆಯಾಡುತ್ತಾರಲ್ಲ, ಈ ಪರೀಕ್ಷೆಗೆ ಅದು ಅನುಕೂಲವೇ.

ಪ್ರಶ್ನೆ: ಟ್ಯಾಂಕು ಕಪ್ಪು, ಡ್ರಿಪ್ ಪೈಪು ಕಪ್ಪು. ಕಪ್ಪು ಬಿಸಿಲು ಹೀರುತ್ತದೆ ಅಂತೀರಿ. ಮತ್ತೆ ಅದೇ ಏಕೆ ಬಾಳಿಕೆ ಬರುತ್ತದೆ?
— ಬಳ್ಳಾರಿ

ಉತ್ತರ: ಹೀರುವುದರಿಂದಲೇ. ಅದರಲ್ಲಿರುವ ಕಾರ್ಬನ್ ಬ್ಲ್ಯಾಕ್, ಅಂದರೆ ಒಂದು ಬಗೆಯ ನಯವಾದ ಮಸಿ, ಕಿರಣವನ್ನು ಮೇಲ್ಪದರದಲ್ಲೇ ನುಂಗಿ ಕಾವು ಮಾಡಿಬಿಡುತ್ತದೆ. ಮೈ ಬಿಸಿಯಾಗುತ್ತದೆ ನಿಜ, ಆದರೆ ಪಾಲಿಥೀನಿಗೆ ಆ ಕಾವಿಗಿಂತ ಕಿರಣವೇ ದೊಡ್ಡ ಶತ್ರು. ಅಷ್ಟು ಅಗ್ಗದ, ಅಷ್ಟು ಬಲವಾದ ರಕ್ಷಕ ಇನ್ನೊಂದಿಲ್ಲ.

ಪ್ರಮಾಣ ಶೇ 2ರಿಂದ 3. ನೀರಿನ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥೀನ್) ಪೈಪಿನ ಭಾರತೀಯ ಮಾನಕ ಐಎಸ್ 4984 ಹೇಳುವುದೂ ಶೇ 2.5, ಅದಕ್ಕಿಂತ 0.5ರಷ್ಟು ಹೆಚ್ಚು ಅಥವಾ ಕಡಿಮೆ. ಶೇ 40ರ ಕಪ್ಪು ಮಾಸ್ಟರ್‌ಬ್ಯಾಚಿನಿಂದ ಶೇ 2.5 ಬರಬೇಕಾದರೆ 100 ಕೆಜಿಗೆ 6.25 ಕೆಜಿ ಬೇಕು. ಶೇ 1 ಹಾಕಿದರೂ ಕಣ್ಣಿಗೆ ಕಡುಗಪ್ಪೇ ಕಾಣುತ್ತದೆ, ಮೋಸ ನಡೆಯುವುದು ಇಲ್ಲೇ. ಮಸಿಯ ಕಣ 20–25 ನ್ಯಾನೋಮೀಟರಿನಷ್ಟು ನಯವಾಗಿದ್ದು ಎಲ್ಲೆಡೆ ಸಮನಾಗಿ ಹರಡಿರಬೇಕು. ಗಂಟುಗಟ್ಟಿದರೆ ಗಂಟುಗಳ ನಡುವೆ ಬೆಳಕು ನುಗ್ಗುತ್ತದೆ, ಒತ್ತಡ ಬಂದಾಗ ಪೈಪು ಒಡೆಯುವುದೂ ಆ ಗಂಟಿನಿಂದಲೇ. ಡ್ರಿಪ್ ಪೈಪಿನ ತುದಿಯಿಂದ ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಹೆರೆದು ಸೂರ್ಯನಿಗೆ ಹಿಡಿಯಿರಿ. ಸಮನಾದ ಕಪ್ಪು ಕಂಡರೆ ಸರಿ. ತಿಳಿಗೆರೆಗಳು, ಚುಕ್ಕೆಗಳು ಕಂಡರೆ ಆ ಸುರುಳಿ ಬೇಡ.

ಬಿಳಿ ಟ್ಯಾಂಕಿನ ಹೊರಪದರದಲ್ಲಿ ಹ್ಯಾಲ್ಸ್ ಮತ್ತು ರೂಟೈಲ್ ಇರುತ್ತದೆ. ಅದರೊಳಗೊಂದು ಕಪ್ಪು ಪದರ ಇದ್ದರೆ ಬೆಳಕು ನುಗ್ಗುವುದಿಲ್ಲ, ನೀರಿನಲ್ಲಿ ಪಾಚಿ ಕಟ್ಟುವುದಿಲ್ಲ. ಮುಚ್ಚಳ ತೆಗೆದು ತಲೆ ಒಳಗಿಟ್ಟು, ಮುಚ್ಚಳವನ್ನು ಮೇಲೆ ಎಳೆದುಕೊಂಡು ನೋಡಿ. ಗೋಡೆ ಹೊಳೆದರೆ ಪಾಚಿ ಖಂಡಿತ.

ಪ್ರಶ್ನೆ: ಭತ್ತ ಒಣಗಿಸಲು ಪ್ರತಿ ವರ್ಷ ತಾಡಪತ್ರಿ ಕೊಳ್ಳುವುದೇ ಆಯಿತು. ನೀಲಿಯದು ಒಂದೇ ಸುಗ್ಗಿಗೆ ದಾರದಾರವಾಗಿ ಬಿಡಿಸಿಕೊಳ್ಳುತ್ತದೆ. ಕೊಳ್ಳುವಾಗ ಏನು ನೋಡಬೇಕು? ಹಳೆಯದಕ್ಕೆ ಏನಾದರೂ ಬಳಿದು ಉಳಿಸಬಹುದೇ?
— ರೈತರು, ಕಾರಟಗಿ

ಉತ್ತರ: ಎರಡನೆಯದಕ್ಕೆ ಮೊದಲು: ಇಲ್ಲ. ತುಂಡಾದ ಸರಪಳಿ ಮತ್ತೆ ಕೂಡುವುದಿಲ್ಲ, ಎಳೆದಾಡಿ ಮಡಚುವ ತಾಡಪತ್ರಿಯ ಮೇಲೆ ಬಳಿದದ್ದು ನಿಲ್ಲುವುದೂ ಇಲ್ಲ.

ತಾಡಪತ್ರಿ ಎಂದರೆ ಎಚ್‌ಡಿಪಿಇ ಪಟ್ಟಿಗಳ ನೇಯ್ಗೆ, ಮೇಲೆ ಕೆಳಗೆ ತೆಳು ಪಾಲಿಥೀನ್ ಲೇಪ. ಪಟ್ಟಿ ಬಹಳ ತೆಳು. ಹಿಂದೆ ಹೇಳಿದ ಲೆಕ್ಕದಂತೆ ಬೆಳಕು ಹೀರುವ ಬಗೆಯ ರಾಸಾಯನಿಕ ಇಲ್ಲಿ ಹೆಚ್ಚು ಉಪಯೋಗವಿಲ್ಲ, ದೊಡ್ಡ ಅಣುವಿನ ಹ್ಯಾಲ್ಸೇ ಆಗಬೇಕು. ಅದೂ ಪಟ್ಟಿಯಲ್ಲಿರಬೇಕು. ಕೆಲವರು ಲೇಪಕ್ಕೆ ಮಾತ್ರ ಯುವಿ ಹಾಕಿ ‘ಯುವಿ ತಾಡಪತ್ರಿ’ ಎಂದು ಮಾರುತ್ತಾರೆ. ಕಣದಲ್ಲಿ ಎಳೆದಾಡಿ ಲೇಪ ಸವೆದ ದಿನವೇ ಅದರ ಕಥೆ ಮುಗಿಯಿತು. ದಾರದಾರವಾಗಿ ಬಿಡಿಸಿಕೊಳ್ಳುವುದು ಇದೇ ಲಕ್ಷಣ.

ಕೊಳ್ಳುವಾಗ ಗುಣಮಾನಕ ಐಎಸ್ 7903 ಇದೆಯೇ ನೋಡಿ. ತೂಕವನ್ನು ನೀವೇ ಅಳೆಯಬಹುದು: 10 ಸೆಂಟಿಮೀಟರ್ ಚೌಕದ ತುಂಡು ಕೊಡಲು ಹೇಳಿ, ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿಸಿ 100ರಿಂದ ಗುಣಿಸಿ. 2 ಗ್ರಾಂ ಬಂದರೆ 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ. ಆದರೆ ತೂಕವೊಂದನ್ನೇ ನಂಬಬೇಡಿ, ಸುಣ್ಣದ ಪುಡಿ ಬೆರೆಸಿಯೂ ತೂಕ ಬರಿಸಬಹುದು. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಪಾಲಿಥೀನ್ ನೀರಿಗಿಂತ ಹಗುರ, ಸಾಂದ್ರತೆ 0.95ರ ಸುತ್ತ. ಸುಣ್ಣದ ಪುಡಿಯದು 2.7. ಪುಡಿ ಶೇ 8–10 ಆಗುತ್ತಿದ್ದಂತೆ ಮಿಶ್ರಣ ನೀರಿಗಿಂತ ಭಾರವಾಗುತ್ತದೆ. ತುಂಡನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ಹಿಸುಕಿ ಗಾಳಿಗುಳ್ಳೆ ತೆಗೆದು ಲೋಟದ ತಳಕ್ಕೆ ಒತ್ತಿ ಬಿಡಿ. ಮೇಲೆದ್ದು ಬಂದರೆ ಸರಿ. ತಳದಲ್ಲೇ ಕೂತರೆ ಅಂಗಡಿಯವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಕಪ್ಪು ಒಳಪದರವಿರುವ, ಮೇಲೆ ಬೆಳ್ಳಿ ಬಣ್ಣದ ತಾಡಪತ್ರಿ ಸಿಕ್ಕರೆ ನೀಲಿಗಿಂತ ಅದೇ ಮೇಲು. ಬಳಸದ ದಿನಗಳಲ್ಲಿ ಟ್ರಾಲಿಯ ಮೇಲೋ ಮೇವಿನ ಬಣವೆಯ ಮೇಲೋ ಬಿಡಬೇಡಿ. ಭತ್ತದ ಕೆಲಸ ವರ್ಷಕ್ಕೆ ಒಂದೆರಡು ತಿಂಗಳು, ಬಿಸಿಲು ತಿನ್ನುವುದು ಉಳಿದ ಹತ್ತು ತಿಂಗಳು.

ಪ್ರಶ್ನೆ: ಮನೆಯ ಹೊರಗೋಡೆಯ ಬಿಳಿ ಪಿವಿಸಿ ಪೈಪು ಬಿಸಿಲು ಬೀಳುವ ಕಡೆ ಹಳದಿಯಾಗಿ ಈಗ ಕಂದಾಗಿದೆ. ಬದಲಾಯಿಸಬೇಕೇ? ಇದಕ್ಕೂ ಹ್ಯಾಲ್ಸ್ ಇರುತ್ತದೆಯೇ?
— ಬಳ್ಳಾರಿ

ಉತ್ತರ: ಪಿವಿಸಿ ಬೇರೆ ಜಾತಿ. ಬಿಸಿಲಿಗೆ ಅದು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು, ಸರಪಳಿಯಲ್ಲಿ ಸಾಲಾಗಿ ಜೋಡಿಬಂಧಗಳನ್ನು ಉಳಿಸಿಕೊಳ್ಳುತ್ತದೆ. ಆ ಸಾಲು ಉದ್ದವಾದಷ್ಟೂ ಬಣ್ಣ ಹಳದಿಯಿಂದ ಕಂದಿಗೆ ತಿರುಗುತ್ತದೆ. ಆಮ್ಲ ಇರುವ ಮನೆಯಲ್ಲಿ ಹ್ಯಾಲ್ಸಿಗೆ ಕೆಲಸವಿಲ್ಲ. ಪಿವಿಸಿಯನ್ನು ಕಾಯುವುದು ರೂಟೈಲ್ ಮತ್ತು ಆಮ್ಲ ಹಿಡಿಯುವ ಸ್ಟೆಬಿಲೈಸರ್. ಕೆಟ್ಟಿರುವುದು ತೆಳು ಹೊರಪದರ ಮಾತ್ರ. ನೀರಿನ ಒತ್ತಡ ತಡೆಯುವ ಶಕ್ತಿ ಹೆಚ್ಚೇನೂ ತಗ್ಗಿರುವುದಿಲ್ಲ, ತಗ್ಗುವುದು ಪೆಟ್ಟು ತಾಳುವ ಶಕ್ತಿ. ಏಣಿ ತಗುಲಿದರೆ, ಮಕ್ಕಳು ಚೆಂಡು ಹೊಡೆದರೆ ಒಡೆಯಬಹುದು. ಬಿರುಕಿಲ್ಲದಿದ್ದರೆ ಬದಲಾಯಿಸಬೇಡಿ. ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಒರೆಸಿ, ಹೊರಗೋಡೆಗೆ ಬಳಿಯುವ ನೀರಿನ ಅಕ್ರಿಲಿಕ್ ಎಮಲ್ಷನ್ನನ್ನು ತಿಳಿಬಣ್ಣದಲ್ಲಿ ಎರಡು ಕೈ ಹಚ್ಚಿ. ಎಣ್ಣೆ ಬಣ್ಣ, ಥಿನ್ನರ್ ಬೇಡ.

ಪ್ರಶ್ನೆ: ಸಂಡೂರಿನ ನಮ್ಮ ಹೊಲದಲ್ಲಿ ಅದಿರಿನ ಕೆಂಪು ದೂಳು ಪೈಪು, ನೆರಳು ಪರದೆ ಎಲ್ಲದರ ಮೇಲೂ ಕೂರುತ್ತದೆ. ಕಬ್ಬಿಣ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ ಎನ್ನುತ್ತಾರೆ.

ಉತ್ತರ: ಕರಗಿದ ಕಬ್ಬಿಣದ ಲವಣ ಪ್ಲಾಸ್ಟಿಕ್ಕಿನೊಳಗೆ ಸೇರಿದರೆ ಹೈಡ್ರೋಪೆರಾಕ್ಸೈಡನ್ನು ಒಡೆದು ಕೆಡಿಸುತ್ತದೆ, ಆ ಮಾತು ಸರಿ. ಮೇಲೆ ಕೂತ ಅದಿರಿನ ದೂಳು ಬೇರೆ. ಅದು ಐರನ್ ಆಕ್ಸೈಡ್, ಕರಗುವುದಿಲ್ಲ, ಒಂದಿಷ್ಟು ಕಿರಣವನ್ನು ತಾನೇ ತಡೆಯುತ್ತದೆ. ನೆರಳು ಪರದೆಗೆ ಅದರಿಂದ ಆಗುವ ನಷ್ಟ ಎಂದರೆ ಬೆಳೆಗೆ ಬೆಳಕು ಕಡಿಮೆ. ನೀರಿನಲ್ಲಿ ತೊಳೆಯಿರಿ, ನಾರಿನಿಂದ ಉಜ್ಜಬೇಡಿ. ಹತ್ತಿರದಲ್ಲಿ ಕಲ್ಲಿದ್ದಲು ಸುಡುವ ಕುಲುಮೆಗಳಿದ್ದರೆ ಚಿಂತೆ ದೂಳಿನದಲ್ಲ, ಹೊಗೆಯದು. ಅದರ ಸಲ್ಫರ್ ಡೈಆಕ್ಸೈಡ್ ಇಬ್ಬನಿಯಲ್ಲಿ ಸೇರಿ ಆಮ್ಲವಾಗುತ್ತದೆ. ಅಂಥ ಜಾಗಕ್ಕೆ ಹಸಿರು ಪರದೆಗಿಂತ ಕಪ್ಪು ಪರದೆ ಗಟ್ಟಿ.

ಪ್ರಶ್ನೆ: ಕೃಷಿ ಹೊಂಡಕ್ಕೆ 500 ಮೈಕ್ರಾನ್ ಹೊದಿಕೆ ಹಾಕಿಸಿದ್ದೆ. ನೀರಿನೊಳಗೆ ಚೆನ್ನಾಗಿದೆ, ನೀರಿನ ಮಟ್ಟಕ್ಕಿಂತ ಮೇಲೆ ಮೂರಡಿ ಸುತ್ತಲೂ ಬಿರುಕು. ಅಂಟಿಸಬಹುದೇ?
— ಯಲಬುರ್ಗಾ

ಉತ್ತರ: ನೀರಿನೊಳಗಿನ ಭಾಗ ತಂಪಾಗಿರುತ್ತದೆ. ಮೇಲಿನ ಪಟ್ಟಿ ದಿನವೂ ಕಾದು ಹಿಗ್ಗಿ ರಾತ್ರಿ ಕುಗ್ಗುತ್ತದೆ. ಎಚ್‌ಡಿಪಿಇ 10 ಮೀಟರ್ ಉದ್ದಕ್ಕೆ 30 ಡಿಗ್ರಿ ಏರಿದರೆ 5 ಸೆಂಟಿಮೀಟರಿನಷ್ಟು ಹಿಗ್ಗುತ್ತದೆ. ಬಿಗಿಯಾಗಿ ಎಳೆದು ಹಾಸಿದ್ದರೆ ರಾತ್ರಿಯ ಎಳೆತ ಬಿಸಿಲಿಗೆ ಬಳಲಿದ ಪಟ್ಟಿಯ ಮೇಲೆಯೇ ಬೀಳುತ್ತದೆ.

ಪಾಲಿಥೀನಿಗೆ ಅಂಟು ಹಿಡಿಯದು, ಪಿವಿಸಿ ಪೈಪಿನ ಸಲ್ಯೂಷನ್ ಅಂತೂ ವ್ಯರ್ಥ. ಬಿಸಿಗಾಳಿಯ ಬೆಸುಗೆಯೊಂದೇ ದಾರಿ. ಬೆಸೆಯುವ ಮುಂಚೆ ಆ ಜಾಗದ ಮೇಲ್ಪದರವನ್ನು ಉಪ್ಪುಕಾಗದದಿಂದ ಹೆರೆದು, ಹೊಳಪು ಹೋಗಿ ಹೊಸ ಮೈ ಕಾಣಬೇಕು. ಕೆಟ್ಟ ಪದರದ ಮೇಲೆ ಹಾಕಿದ ಬೆಸುಗೆ ಸಿಪ್ಪೆಯಂತೆ ಏಳುತ್ತದೆ. ಒಂದು ಚೂರನ್ನು ಮಡಚಿ ಬೆರಳಿನಲ್ಲಿ ಒತ್ತಿ ನೋಡಿ. ಮಡಿಕೆಯಲ್ಲಿ ಚಟ್ಟೆಂದರೆ ಅಲ್ಲಿ ತೇಪೆ ಬೇಡ. ಆ ಪಟ್ಟಿಯನ್ನು ಪೂರಾ ಕತ್ತರಿಸಿ, ಒಳಗಿನ ಗಟ್ಟಿ ಹಾಳೆಗೆ ಹೊಸ ಪಟ್ಟಿ ಬೆಸೆದು, ಅಂಚನ್ನು ಒಂದಡಿ ಆಳದ ಕಾಲುವೆಯಲ್ಲಿ ಮಣ್ಣು ಮುಚ್ಚಿ. ಬೆಳಗಿನ ತಂಪಿನಲ್ಲಿ, ಸ್ವಲ್ಪ ಸಡಿಲ ಬಿಟ್ಟು ಹಾಸಿ. ಹೊಸ ಪಟ್ಟಿಯ ಮೇಲೆ ಹಳೆಯ ನೆರಳು ಪರದೆ ಇಳಿಬಿಟ್ಟರೆ ಆಯಸ್ಸು ಹೆಚ್ಚುತ್ತದೆ, ಖರ್ಚೂ ಇಲ್ಲ.

ಪ್ರಶ್ನೆ: ಮೆಣಸಿನಕಾಯಿ ಒಣಗಿಸುವುದು ಪ್ಲಾಸ್ಟಿಕ್ ಹಾಳೆಯ ಮೇಲೆಯೇ. ಈ ಯುವಿ ರಾಸಾಯನಿಕಗಳು ವಿಷವೇ?
— ಸಿರುಗುಪ್ಪ

ಉತ್ತರ: ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬೆಂಜೋಟ್ರಯಜೋಲ್ ಗುಂಪಿನ ಯುವಿ-328 ಎಂಬುದು ಪರಿಸರದಲ್ಲಿ ಕರಗದೆ ಉಳಿದು ಜೀವಿಗಳ ಮೈಯಲ್ಲಿ ಸೇರುತ್ತದೆಂದು 2023ರಲ್ಲಿ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, ಸೇರಿತು. ದೊಡ್ಡ ಅಣುವಿನ ಹ್ಯಾಲ್ಸ್ ಪ್ಲಾಸ್ಟಿಕ್ಕಿನಿಂದ ಸುಲಭವಾಗಿ ಹೊರಬರುವುದಿಲ್ಲ. ಒಣಗಿಸುವ ಹಾಳೆಯ ಮಟ್ಟಿಗೆ ನಮ್ಮ ಆತಂಕ ರಾಸಾಯನಿಕಕ್ಕಿಂತ ಪುಡಿಯದು. ಆಯಸ್ಸು ತೀರಿದ ಹಾಳೆ ಉದುರಿಸುವ ಚೂರು ಕಾಯಿಯ ಸುಕ್ಕಿನಲ್ಲಿ ಸೇರಿದರೆ ಗಿರಣಿಗೂ ಅದೇ ಹೋಗುತ್ತದೆ. ಸುಗ್ಗಿಗೆ ಮುಂಚೆ ಹಾಳೆಯನ್ನು ತೊಳೆದು ಒಣಗಿಸಿ, ಗಾಢ ಬಣ್ಣದ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಹಾಳೆಯ ಬಣ್ಣ ಅಥವಾ ಬಿಳಿ ಪುಡಿ ಹತ್ತಿದರೆ ಅದನ್ನು ಕಣದಿಂದ ತೆಗೆಯಿರಿ. ಸುಡಬೇಡಿ, ಸುತ್ತಿಟ್ಟು ಗುಜರಿಗೆ ಕೊಡಿ. ಹೊಸದು ಕೊಳ್ಳುವವರೆಗೆ ಸಿಮೆಂಟಿನ ಕಣ ಸಿಕ್ಕರೆ ಕಾಯಿಗೆ ಅದೇ ಒಳ್ಳೆಯದು.